ಕಲ್ಲು ಕೂತ ಜಾಗ

“ಗುರುಗಳೆ, ದೊಡ್ಡ ಕ್ಯಾಮೆರಾ ತಗೊಳ್ಳೇನ್ರಿ, ಸಣ್ಣದು ತಗೊಳ್ಳೇನ್ರಿ?”

ಪಂಪಾಪತಿ ಈ ಪ್ರಶ್ನೆಯನ್ನು ನಾಲ್ಕು ತಿಂಗಳಿಂದ ಪ್ರತಿ ಭಾನುವಾರ ಕೇಳುತ್ತಿದ್ದ. ಜಂಬಯ್ಯ ಗುರುಗಳು ಪ್ರತಿ ಭಾನುವಾರ ‘ಚಹಾ ಆರತೈತಿ, ಕುಡಿ’ ಎಂದು ಮಾತು ತೇಲಿಸುತ್ತಿದ್ದರು.

ಗುರುಗಳು ಎಂದರೆ ಕಾವಿ ಉಟ್ಟ ಗುರುಗಳಲ್ಲ. ಆ ಊರಿನಲ್ಲಿ ನಲವತ್ತು ವರ್ಷ ಫೋಟೊ ಸ್ಟುಡಿಯೊ ನಡೆಸಿದವರು. ಊರಿನ ಗೋಡೆಗಳ ಮೇಲೆ ತೂಗುವ ಅಜ್ಜ ಅಜ್ಜಿಯರೆಲ್ಲ ಒಂದಲ್ಲ ಒಂದು ದಿನ ಅವರ ಮುಂದೆ ಉಸಿರು ಬಿಗಿಹಿಡಿದು ಕೂತವರೇ. ಈಗ ಸ್ಟುಡಿಯೊ ಮುಚ್ಚಿದೆ. ಭಾನುವಾರ ಬೆಳಿಗ್ಗೆ ಮಾತ್ರ ಒಂದು ಬಾಗಿಲು ತೆರೆದು ಕೂಡುತ್ತಾರೆ. ಫೋಟೊದ ಹುಚ್ಚಿರುವ ಮೂರು ನಾಲ್ಕು ಮಂದಿ ಬರುತ್ತಾರೆ. ಅವರು ಕಲಿಸುತ್ತಾರೆ. ಕಲಿಸುವುದಕ್ಕಿಂತ ಬೈಯುವುದು ಹೆಚ್ಚು. ಆದರೂ ಬರುವವರು ಬರುತ್ತಾರೆ.

ಪಂಪಾಪತಿ ಹೈಸ್ಕೂಲಿನಲ್ಲಿ ಗಣಿತ ಹೇಳುವ ಮೇಷ್ಟ್ರು. ಗಣಿತದವರು ಮನಸ್ಸಿನ ತೊಡಕನ್ನೂ ಕೋಷ್ಟಕ ಹಾಕಿ ಬಿಡಿಸಲು ಹೋಗುತ್ತಾರೆ. ಅವನ ನೋಟುಪುಸ್ತಕದ ಎಡಗಡೆ ದೊಡ್ಡದು, ಡಿಎಸ್‌ಎಲ್‌ಆರ್. ಕಂಪನಿಯವರು ಹೊಸಬರಿಗೆಂದೇ ಮಾಡಿದ್ದು. ಲೆನ್ಸ್ ಬದಲಿಸಬಹುದು, ಹಾರುವ ಹಕ್ಕಿಯನ್ನೂ ಹಿಡಿಯಬಹುದು, ಆದರೆ ಹೆಗಲಿಗೊಂದು ಚೀಲ ಗಂಟುಬೀಳುತ್ತದೆ. ಬಲಗಡೆ ಜೇಬಿನ ಕ್ಯಾಮೆರಾ. ಹಗುರ, ಗುಂಡಿ ಒತ್ತಿದರೆ ಮುಗಿಯಿತು, ಆದರೆ ದೂರದ್ದೆಲ್ಲ ಮಸುಕು. ಕೆಳಗೆ ಅಂಕ ಕೂಡಿಸಿದ್ದ. ಒಂದು ವಾರ ಎಡಗಡೆ ಗೆಲ್ಲುತ್ತಿತ್ತು, ಇನ್ನೊಂದು ವಾರ ಬಲಗಡೆ.

“ಶರಣಮ್ಮ ನಗ್ತಾಳ್ರಿ” ಎಂದ ಪಂಪಾಪತಿ. ಶರಣಮ್ಮ ಅವನ ಹೆಂಡತಿ. ರಾಯಚೂರಿನಲ್ಲಿ ನರ್ಸ್. ಮದುವೆಯಾಗಿ ಎಂಟು ತಿಂಗಳು. ಇಬ್ಬರ ವರ್ಗಾವಣೆಯ ಅರ್ಜಿಯೂ ಯಾವುದೋ ಮೇಜಿನ ಮೇಲಿತ್ತು. “ಕ್ಯಾಮೆರಾ ತಗೊಂಡ್ರ ಮೊದಲು ನೀವಿರೋ ಕೋಣಿ ಫೋಟೊ ಕಳಸ್ರಿ ಅಂತಾಳ. ಯಾವ ಕಡೆ ತಲಿ ಮಾಡಿ ಮಲಗ್ತೀರಿ, ಎಲ್ಲಿ ಕೂತು ಉಣ್ತೀರಿ, ನೋಡಬೇಕು ಅಂತಾಳ. ಆ ಕೋಣ್ಯಾಗ ಏನೈತ್ರಿ? ಒಂದು ಸ್ಟೌ, ಒಂದು ಅರಿವಿ ಹಗ್ಗ. ಕಳಸಿದ್ರ ಅಂಥಾದ್ದು ಕಳಸಬೇಕ್ರಿ.”

ಅವನು ಕೈ ತೋರಿಸಿದ್ದು ಗುರುಗಳ ಬೆನ್ನ ಹಿಂದಿನ ಗೋಡೆಯ ಕಡೆಗೆ. ಅಲ್ಲಿ ಕಟ್ಟು ಹಾಕಿದ ಒಂದು ದೊಡ್ಡ ಚಿತ್ರವಿತ್ತು. ಬಂಡೆಯ ಮೇಲೆ ಒಂದು ನೀರುನಾಯಿ. ಬಾಯಲ್ಲಿ ಮೀನು. ಮೀಸೆಯ ತುದಿಯಲ್ಲಿ ಇನ್ನೇನು ಬೀಳಬೇಕೆನ್ನುವ ಒಂದು ಹನಿ. ಮೊದಲ ಭಾನುವಾರ ಬಂದ ದಿನದಿಂದ ಪಂಪಾಪತಿಯ ಕಣ್ಣು ಆ ಚಿತ್ರದ ಮೇಲೆಯೇ. ಅಂಥದ್ದೊಂದನ್ನು ತೆಗೆದು ಶರಣಮ್ಮನಿಗೆ ಕಳಿಸಬೇಕು, ಅವಳು ಆಸ್ಪತ್ರೆಯಲ್ಲಿ ಎಲ್ಲರಿಗೂ ತೋರಿಸಬೇಕು, ‘ನಮ್ಮವರು ತೆಗೆದದ್ದು’ ಎನ್ನಬೇಕು. ಕೋಣೆಯನ್ನು ತೋರಿಸಲು ಅವನಿಗೆ ನಾಚಿಕೆಯಾಗುತ್ತಿತ್ತು. ಅಷ್ಟೇ ನಿಜ.

“ಅದನ್ನ ಯಾವ ಕ್ಯಾಮೆರಾದಾಗ ತಗದದ್ರಿ?” ಎಂದು ಕೇಳಿದ.

ಗುರುಗಳು ಈ ಸಲ ಚಹಾದ ಮಾತೆತ್ತಲಿಲ್ಲ. ಕಪಾಟಿನಲ್ಲಿದ್ದ ಒಂದು ಹಳೆಯ ಸಣ್ಣ ಕ್ಯಾಮೆರಾವನ್ನು ತೆಗೆದು ಮೇಜಿನ ಮೇಲಿಟ್ಟರು. ಅದರ ಮೂತಿ ಅರ್ಧ ಹೊರಗೆ ಬಂದು ನಿಂತಿತ್ತು, ಒಳಗೆ ಹೋಗುತ್ತಿರಲಿಲ್ಲ. ಪಂಪಾಪತಿ ಎತ್ತಿ ಅಲುಗಿಸಿ ನೋಡಿದ. ಒಳಗೆ ಮರಳು ಕರಕರ ಅಂದಿತು.

“ಇದರಾಗ ಅಲ್ಲ. ದೊಡ್ಡದರಾಗ” ಎಂದರು ಗುರುಗಳು. “ತಗದಾಂವ ಒಬ್ಬ ಅಂಬಿಗ. ಕೇಳು.”

ಅವರು ಹೇಳಿದ ಕತೆ ಇದು.

ಒಂದು ಹೊಳೆ. ಅದಕ್ಕೆ ಸೇತುವೆ ಇರಲಿಲ್ಲ. ಒಬ್ಬ ಅಂಬಿಗ ಇದ್ದ. ಅವನಿಗೊಂದು ಹರಿಗೋಲು. ಈ ದಡದವರನ್ನು ಆ ದಡಕ್ಕೆ ಮುಟ್ಟಿಸುವುದು, ಆ ದಡದವರನ್ನು ಈ ದಡಕ್ಕೆ ಕರೆತರುವುದು. ಅವನ ಅಪ್ಪ ಮಾಡಿದ್ದೂ ಅದೇ, ಅಜ್ಜ ಮಾಡಿದ್ದೂ ಅದೇ.

ಹರಿಗೋಲು ಬುಟ್ಟಿಯ ಹಾಗೆ ದುಂಡಗಿರುತ್ತದೆ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಅಂಬಿಗ ಎಲ್ಲಿ ಕೂತನೋ ಅದೇ ಮುಂದು. ಅವನು ಅಂಚಿಗೆ ಮಂಡಿಯೂರಿ, ಎದುರು ದಡದ ಮೇಲೆ ಕಣ್ಣಿಟ್ಟು, ಎರಡೂ ಕೈಯಲ್ಲಿ ಹುಟ್ಟು ಹಿಡಿದು ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ ಹೋಗಬೇಕು. ಜನ ಅವನ ಹಿಂದೆ ಕೂಡುತ್ತಾರೆ. ನಡುಹೊಳೆಯಲ್ಲಿ ಅಂಬಿಗ ಹಿಂದಿರುಗಿ ನೋಡಬಾರದು. ಅವನು ತಿರುಗಿದರೆ ಹರಿಗೋಲೂ ತಿರುಗುತ್ತದೆ.

ಜನರಿದ್ದಾಗ ತೂಕ ಸರಿಹೋಗುತ್ತದೆ. ಖಾಲಿ ಬರುವಾಗ ತೊಂದರೆ. ಒಬ್ಬನೇ ಭಾರ ಹಾಕಿದರೆ ಹರಿಗೋಲು ಮುಂದಕ್ಕೆ ವಾಲುತ್ತದೆ. ಅದಕ್ಕೆ ಅಂಬಿಗರು ಹಿಂದಿನ ಅಂಚಿನಲ್ಲಿ ಒಂದು ದೊಡ್ಡ ಕಲ್ಲು ಇಟ್ಟುಕೊಳ್ಳುತ್ತಾರೆ. ಈ ಅಂಬಿಗ ಕಲ್ಲು ಇಡುತ್ತಿರಲಿಲ್ಲ. ಮಗಳನ್ನು ಕೂಡಿಸುತ್ತಿದ್ದ.

ಮಗಳಿಗೆ ಮೂರು ವರ್ಷವಾಗಿದ್ದಾಗ ಅವನ ಹೆಂಡತಿ ತೀರಿಕೊಂಡಿದ್ದಳು. ಮಗುವನ್ನು ಮನೆಯಲ್ಲಿ ಬಿಟ್ಟು ಬರುವಂತಿರಲಿಲ್ಲ. ಮೊದಮೊದಲು ಮಗಳ ಜೊತೆಗೆ ಅರ್ಧ ಕಲ್ಲೂ ಬೇಕಾಗುತ್ತಿತ್ತು. ವರ್ಷ ವರ್ಷಕ್ಕೆ ಮಗಳು ಬೆಳೆದಳು, ಕಲ್ಲು ಸಣ್ಣದಾಯಿತು. ಹತ್ತು ತುಂಬುವಷ್ಟರಲ್ಲಿ ಕಲ್ಲು ಬೇಡವೇ ಆಯಿತು. “ಕಲ್ಲಾಗಿದ್ರ ಬಾಯಿ ಮುಚ್ಚಿಕೊಂಡರ ಇರ್ತಿತ್ತು” ಎಂದು ಅವನು ಗೊಣಗುತ್ತಿದ್ದ. ಗೊಣಗುವುದು ಬಾಯಿಮಾತಿಗೆ. ಹಿಂದಿನಿಂದ ಅವಳ ಮಾತು ಕೇಳಿಸದಿದ್ದರೆ ಅವನಿಗೆ ಹುಟ್ಟು ಹಾಕಲು ಬೇಸರ.

ಹೊಳೆಯ ನಡುವೆ ಒಂದು ಬಂಡೆ. ಬೆಳಗಿನ ಹೊತ್ತು ಅಲ್ಲಿಗೆ ನೀರುನಾಯಿಗಳು ಬರುತ್ತಿದ್ದವು. ಅವನು ದೂರದಿಂದಲೇ ಕಂಡು ‘ಅಗಾ ನೋಡಲ್ಲಿ’ ಎನ್ನುತ್ತಿದ್ದ. ಹಿಂದೆ ಮಗಳು ಚಪ್ಪಾಳೆ ತಟ್ಟುತ್ತಿದ್ದಳು. ಆ ಚಪ್ಪಾಳೆಯನ್ನು ಅವನು ವರ್ಷಗಟ್ಟಲೆ ಕೇಳಿದ. ಆಗ ಅವಳ ಮುಖ ಹೇಗಿರುತ್ತಿತ್ತೋ, ಅದನ್ನು ಒಂದು ದಿನವೂ ನೋಡಲಿಲ್ಲ. ಅಂಬಿಗ ತಿರುಗುವಂತಿಲ್ಲವಲ್ಲ.

ಮಗಳಿಗೆ ಮದುವೆಯಾಯಿತು. ಅಳಿಯ ಒಳ್ಳೆಯವನು. ಕೆಲಸ ಮಾತ್ರ ದೂರ. ರೈಲಿನಲ್ಲಿ ಎರಡು ಹಗಲು ಎರಡು ರಾತ್ರಿ ಹೋಗಬೇಕು. ಅವಳು ಹೋದ ಮರುದಿನ ಅಂಬಿಗ ದಡದಲ್ಲಿ ಹುಡುಕಿ ಒಂದು ಕಲ್ಲು ತಂದು ಅವಳು ಕೂಡುತ್ತಿದ್ದ ಜಾಗದಲ್ಲಿಟ್ಟ. ನಡುಹೊಳೆಗೆ ಬಂದಾಗ ಬಂಡೆಯ ಮೇಲೆ ನೀರುನಾಯಿ ಕಂಡಿತು. ಅಭ್ಯಾಸಬಲದಿಂದ ‘ಅಗಾ ನೋಡಲ್ಲಿ’ ಎಂದುಬಿಟ್ಟ. ಹಿಂದೆ ಸದ್ದಿಲ್ಲ. ಅವನಿಗೆ ಅಳು ಬಂತು. ಕಲ್ಲಿನ ಮುಂದೆ ಎಂಥ ನಾಚಿಕೆ ಎಂದು ಆ ದಡ ಮುಟ್ಟುವವರೆಗೂ ಅತ್ತ.

ನಾಲ್ಕು ವರ್ಷ ಕಳೆಯಿತು. ಮಗಳು ಬರಲಾಗಲಿಲ್ಲ. ಮೊದಲು ಅಳಿಯನಿಗೆ ರಜೆಯಿಲ್ಲ, ಆಮೇಲೆ ಬಸಿರು, ಆಮೇಲೆ ಕೈಗೂಸು. ಭಾನುವಾರ ಬೆಳಿಗ್ಗೆ ಅವಳು ಊರಿನ ಫೋನಂಗಡಿಗೆ ಫೋನು ಮಾಡುತ್ತಿದ್ದಳು. ಅಂಬಿಗ ಒಂದು ತಾಸು ಮೊದಲೇ ಹೋಗಿ ಬೆಂಚಿನ ಮೇಲೆ ಕೂತಿರುತ್ತಿದ್ದ. ಮಾತು ಮುಗಿದ ಮೇಲೂ ಒಂದು ಗಳಿಗೆ ಕೂಡುತ್ತಿದ್ದ. ಅಂಗಡಿಯವನಿಗೆ ಅದು ರೂಢಿಯಾಗಿತ್ತು, ಏಳು ಎನ್ನುತ್ತಿರಲಿಲ್ಲ.

ಒಂದು ಭಾನುವಾರ ಮಗಳು ಹೇಳಿದಳು, “ಅಪ್ಪಾ, ನಮ್ಮ ಹೊಳೀದು ಒಂದು ಫೋಟೊ ಕಳಸು. ನಾ ಕೂಡ್ತಿದ್ದ ಜಾಗಾದಿಂದ ಹೆಂಗ ಕಾಣತೈತೋ ಹಂಗ ಇರಬೇಕು. ಕೂಸಿಗೆ ತೋರಸ್ತೀನಿ.”

“ನೀರುನಾಯಿ ಬೇಕೇನವ್ವಾ?”

“ಅವೂ ಇರ್ಲಿ” ಎಂದು ಮಗಳು ನಕ್ಕಳು.

ಅಂಬಿಗ ಆ ನಗುವನ್ನು ಕೇಳಿದ. ಮಾತನ್ನು ಕೇಳಿಸಿಕೊಳ್ಳಲಿಲ್ಲ. ನೀರುನಾಯಿ ಬೇಕು ಎಂದಷ್ಟೇ ಅವನ ತಲೆಯಲ್ಲಿ ಕೂತಿತು.

ಆ ಹೊತ್ತಿಗೆ ಹೊಳೆಗೆ ಸೇತುವೆಯ ಕಂಬಗಳು ಎದ್ದಿದ್ದವು. ಬೇಸಿಗೆಗೆ ಬಸ್ಸು ಓಡುತ್ತದೆ ಎಂದಿದ್ದರು. ಬಸ್ಸು ಬಂದ ಮೇಲೆ ಬುಟ್ಟಿಯಲ್ಲಿ ಯಾರು ಕೂತಾರು? ಆ ಅಂಬಿಗರಲ್ಲಿ ಒಂದು ಪದ್ಧತಿಯೂ ಇತ್ತು. ಹೊಳೆಯ ಕೆಲಸ ಬಿಡುವ ದಿನ ಹುಟ್ಟಿಗೆ ಅರಿಸಿನ ಕುಂಕುಮ ಹಚ್ಚಿ ಹೊಳೆಗೆ ಒಪ್ಪಿಸಬೇಕು. ಒಪ್ಪಿಸಿದ ಕೈ ಮತ್ತೆ ಹುಟ್ಟು ಮುಟ್ಟುವಂತಿಲ್ಲ. ಮುಟ್ಟಿದರೆ ದಂಡ ಹಾಕುವವರು ಯಾರೂ ಇಲ್ಲ. ಆದರೆ ಅವನ ಅಪ್ಪ ಮುಟ್ಟಿರಲಿಲ್ಲ, ಅಜ್ಜ ಮುಟ್ಟಿರಲಿಲ್ಲ. ಹಾಗಾಗಿ ಬೇಸಿಗೆಯೊಳಗೆ ಫೋಟೊ ಆಗಬೇಕು. ಆಮೇಲೆ ಹೊಳೆ ಇರುತ್ತದೆ, ಹೊಳೆಯ ಮೇಲೆ ಅವನಿರುವುದಿಲ್ಲ.

ಸ್ಟುಡಿಯೊದವರನ್ನು ಕರೆಸಿ ತೆಗೆಸಬಹುದಿತ್ತಲ್ಲ ಎಂದು ಕೇಳಬೇಡ. ಮಗಳು ಕೇಳಿದ್ದನ್ನು ಬೇರೆಯವರ ಕೈಯಲ್ಲಿ ಮಾಡಿಸುವ ಜಾಯಮಾನ ಅವನದಲ್ಲ. ಮನೆಯಲ್ಲಿದ್ದ ಕುರಿಗಳನ್ನು ಮಾರಿ ಪಟ್ಟಣದ ಕ್ಯಾಮೆರಾ ಅಂಗಡಿಗೆ ಹೋದ.

ಅಂಗಡಿಯವನು ಎರಡು ಕ್ಯಾಮೆರಾ ತಂದಿಟ್ಟ. ಒಂದು ದೊಡ್ಡದು, ಲೆನ್ಸ್ ಬಿಚ್ಚಿ ಹಾಕುವಂಥದ್ದು. ಇನ್ನೊಂದು ಜೇಬಿನದು. ಅಂಬಿಗ ಸಣ್ಣದನ್ನು ಎತ್ತಿ ನೋಡಿದ. ಬೀಡಿಕಟ್ಟಿಗಿಂತ ತುಸು ದೊಡ್ಡದು. ಇದು ಹೊಳೆ ದಾಟೀತೇ ಎಂದು ಅವನಿಗೆ ನಗು ಬಂತು. ಅಂಗಡಿಯವನು ಬಹಳ ಹೇಳಿದ. ಎಷ್ಟು ಚಿತ್ರ ಹಿಡಿಸುತ್ತದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ತಾನೇ ಕೂತು ತನ್ನ ಫೋಟೊ ತೆಗೆದುಕೊಳ್ಳುವುದು ಹೇಗೆ. ಅಂಬಿಗ ಕೇಳಿದ್ದು ಒಂದೇ ಮಾತು.

“ಯಾವುದು ದೂರ ನೋಡತೈತಿ?”

“ದೊಡ್ಡದು. ಆದರ ಅದಕ್ಕ ಉದ್ದನ್ನ ಲೆನ್ಸ್ ಬ್ಯಾರೆ ತಗೋಬೇಕು. ಇದರ ಸಂಗಾಟ ಬಂದಿರೋದು ಹತ್ತಿರದ್ದು ನೋಡೋ ಲೆನ್ಸು.”

“ಹತ್ತಿರದ್ದು ಕಣ್ಣಿಗೇ ಕಾಣತೈತಲ್ಲ. ಅದನ್ನ ನೀನ ಇಟ್ಕೊಂಡು ದೂರದ್ದು ಕೊಡು.”

ಅಂಗಡಿಯವನು ಹಾಗೆಯೇ ಮಾಡಿದ. ಅವನದೇನು ತಪ್ಪು? ಅಂಬಿಗನ ತಪ್ಪೂ ಅಲ್ಲ. ಜೀವಮಾನವೆಲ್ಲ ಎದುರು ದಡ ನೋಡಿಯೇ ಬದುಕಿದವನು. ಹೊಳೆಯ ಮೇಲೆ ಕಾಲ ಬುಡ ನೋಡುವ ಅಂಬಿಗ ಜನರನ್ನು ಮುಳುಗಿಸುತ್ತಾನೆ. ಅವನ ಕಸುಬು ಅವನಿಗೆ ಕಲಿಸಿದ್ದು ದೂರವನ್ನೇ.

ಕ್ಯಾಮೆರಾ ಬಳಸುವುದನ್ನು ಅವನಿಗೆ ಊರಿನ ಸ್ಟುಡಿಯೊದವನು ಕಲಿಸಿದ. ಅಂಬಿಗ ಬೇಗ ಕಲಿತ. ನೀರಿನ ಸೆಳೆತ ಬಲ್ಲವನಿಗೆ ಬೆಳಕಿನ ಸೆಳೆತ ಕಲಿಯುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಹರಿಗೋಲಿನಲ್ಲಿ. ದೊಡ್ಡ ಕ್ಯಾಮೆರಾಕ್ಕೆ ಎರಡು ಕೈ ಬೇಕು. ಹುಟ್ಟಿಗೂ ಎರಡು ಕೈ ಬೇಕು. ಹುಟ್ಟು ಬಿಟ್ಟು ಕ್ಯಾಮೆರಾ ಎತ್ತಿದರೆ ಹರಿಗೋಲು ಗಿರ್ರನೆ ತಿರುಗಿ ನೀರುನಾಯಿಗೆ ಬೆನ್ನು ಮಾಡುತ್ತಿತ್ತು. ಮೊದಲ ದಿನ ಸಿಕ್ಕಿದ್ದು ಆಕಾಶ, ನೀರು, ಮತ್ತು ಸಂತೆಗೆ ಹೊರಟಿದ್ದ ಒಬ್ಬ ಮುದುಕಿಯ ಕಿವಿಯೋಲೆ. ಮುದುಕಿ ಅವನಿಗೆ ದಡ ಮುಟ್ಟುವವರೆಗೂ ಸಹಸ್ರನಾಮ ಮಾಡಿದಳು.

ಆಮೇಲೆ ಅವನು ಉಪಾಯ ಮಾಡಿದ. ಬೆಳಗಿನ ಜಾವ ಒಬ್ಬನೇ ಹೋಗಿ, ನೀರುನಾಯಿಯ ಬಂಡೆಗೆ ಎದುರಾಗಿದ್ದ ಇನ್ನೊಂದು ಬಂಡೆಗೆ ಹರಿಗೋಲು ಕಟ್ಟಿ, ಬಂಡೆಯ ಮೇಲೆ ಹೊಟ್ಟೆ ಊರಿ ಮಲಗಿದ. ದಿನ ಹೋಯಿತು, ವಾರ ಹೋಯಿತು. ಅವು ಬರುತ್ತಿದ್ದವು, ಇವನ ವಾಸನೆ ಹಿಡಿದು ಮುಳುಗುತ್ತಿದ್ದವು. ದಡದಲ್ಲಿ ಜನ ‘ಅಂಬಿಗಾ’ ಎಂದು ಕೂಗುತ್ತಿದ್ದರು. ಅವನು ಕೇಳಿಸಿದರೂ ಕೇಳಿಸದವನ ಹಾಗೆ ಇರುತ್ತಿದ್ದ. ಮೂವತ್ತು ವರ್ಷ ಕೂಗಿದ ಕೂಡಲೇ ಓಗೊಟ್ಟವನು ಅವನು. ಅವನ ಕೊನೆಯ ದಿನಗಳ ದಾಟುವಿಕೆ ಹೀಗೆ ಬಂಡೆಯ ಮೇಲೆ ಕಳೆದುಹೋಯಿತು.

ಒಂದು ದಿನ ಚಿತ್ರ ಸಿಕ್ಕಿತು. ನೀರುನಾಯಿ, ಬಂಡೆ, ಬೆಳಕು. ಓಡಿಹೋಗಿ ಸ್ಟುಡಿಯೊದವನಿಗೆ ತೋರಿಸಿದ. ಆ ಚಿತ್ರವನ್ನು ಅಂದೇ ಮಗಳಿಗೆ ಕಳಿಸಬಹುದಿತ್ತು. ಸೇತುವೆಗೆ ಇನ್ನೂ ಒಂದು ತಿಂಗಳಿತ್ತು. ಸ್ಟುಡಿಯೊದವನು ಕನ್ನಡಕ ಏರಿಸಿ ನೋಡಿ, ಕಣ್ಣು ಚೊಕ್ಕ ಬಂದಿಲ್ಲ, ಇನ್ನೊಮ್ಮೆ ತೆಗೆ ಎಂದ. ಅಂಬಿಗ ಮತ್ತೆ ಹೋದ. ಮತ್ತೆ ತಂದ. ಕಣ್ಣು ಚೊಕ್ಕ ಬಂದಿತ್ತು. ಬಾಯಲ್ಲಿ ಮೀನಿದ್ದರೆ ಇನ್ನೂ ಚೆನ್ನ ಎಂದ ಸ್ಟುಡಿಯೊದವನು. ಅಂಬಿಗ ಮತ್ತೆ ಹೋದ. ಬೇರೆಯವರ ಕಾಲ ಖರ್ಚು ಮಾಡುವುದು ಎಷ್ಟು ಸುಲಭ! ಸ್ಟುಡಿಯೊದವನಿಗೆ ಆಗ ಅದು ಹೊಳೆಯಲಿಲ್ಲ.

ಸೇತುವೆಗೆ ಎರಡು ದಿನ ಇದೆ ಎನ್ನುವಾಗ ಮೀನು, ಕಣ್ಣು, ಹನಿ ಎಲ್ಲ ಕೂಡಿ ಬಂತು. ಸ್ಟುಡಿಯೊದವನು ತಾನಾಗಿ ದೊಡ್ಡದು ಮಾಡಿ ಎರಡು ಪ್ರತಿ ತೆಗೆದ. ಒಂದನ್ನು ಗೋಡೆಗೆ ಹಾಕಿಕೊಂಡ. ಇನ್ನೊಂದನ್ನು ರಟ್ಟಿನೊಳಗಿಟ್ಟು ಅಂಚೆಗೆ ಹಾಕಿದರು.

ಸೇತುವೆ ತೆರೆಯಿತು. ಡೊಳ್ಳು ಬಾರಿಸಿದರು, ಮಂತ್ರಿ ಬಂದರು, ಬಸ್ಸಿಗೆ ಬಾಳೆಕಂಬ ಕಟ್ಟಿದರು. ಅಂಬಿಗ ಕೆಳಗೆ ನೀರಿನಲ್ಲಿ ಮೊಣಕಾಲುದ್ದ ನಿಂತು ಹುಟ್ಟಿಗೆ ಅರಿಸಿನ ಕುಂಕುಮ ಹಚ್ಚಿದ. ತೇಲಿಬಿಟ್ಟ. ಅದು ಹೋಗುವುದನ್ನು ನೋಡುತ್ತ ನಿಂತ. ಮೇಲೆ ಬಸ್ಸಿನ ಹಾರ್ನು ಕೇಳಿಸಿತು. ಅವನಿಗೆ ದುಃಖವಾಗಲಿಲ್ಲ. ಮಗಳಿಗೆ ಫೋಟೊ ಹೋಗಿದೆಯಲ್ಲ ಎಂದು ಸಮಾಧಾನ ಪಟ್ಟುಕೊಂಡ. ಹರಿಗೋಲನ್ನು ಮರಳ ಮೇಲೆ ಎಳೆದು ಬೋರಲು ಹಾಕಿ ಮನೆಗೆ ಬಂದ.

ಮುಂದಿನ ಭಾನುವಾರ ಫೋನು ಬಂತು.

“ಫೋಟೊ ಬಂತಪ್ಪಾ. ಭಾಳ ಚಂದೈತಿ. ಕೂಸು ನಾಯಿ ನಾಯಿ ಅಂತ ಕುಣೀತು.” ಮಗಳು ದನಿ ತಗ್ಗಿಸಿದಳು. “ಅಜ್ಜ ಎಲ್ಲಿ ಅಂತ ಕೇಳತು.”

“ಅಜ್ಜ ಫೋಟೊ ತಗೀತಿದ್ದ ಅಂತ ಹೇಳವ್ವ.”

“ಹೇಳಿದ್ನಿ” ಎಂದಳು ಮಗಳು. “ಅಪ್ಪಾ, ನಾ ಕೂಡ್ತಿದ್ದ ಜಾಗಾದಿಂದ ನೀರುನಾಯಿ ಇಷ್ಟು ದೊಡ್ಡದು ಕಾಣ್ತಿರಲಿಲ್ಲ. ನಿನ್ನ ಬೆನ್ನು ಕಾಣ್ತಿತ್ತು. ನಿನ್ನ ಬೆನ್ನಿನ ಈ ಕಡೆ ಒಂದಿಷ್ಟು ಹೊಳಿ, ಆ ಕಡೆ ಒಂದಿಷ್ಟು ಹೊಳಿ. ಅದು ಬೇಕಾಗಿತ್ತು ನನಗ.”

ಅಂಬಿಗ ಫೋನು ಇಟ್ಟ ಮೇಲೆ ಬಹಳ ಹೊತ್ತು ಬೆಂಚಿನ ಮೇಲೆ ಕೂತಿದ್ದ. ಹೊಳೆಯನ್ನು ನೆನೆದಾಗಲೆಲ್ಲ ಅವನಿಗೆ ಕಾಣುತ್ತಿದ್ದುದು ನೀರು, ಬಂಡೆ, ಎದುರು ದಡ. ಮಗಳಿಗೂ ಅದೇ ಕಾಣುತ್ತದೆ ಎಂದುಕೊಂಡಿದ್ದ. ಅವಳ ಹೊಳೆಯ ನಟ್ಟನಡುವೆ ತನ್ನ ಬೆನ್ನು ಇತ್ತೆಂದು ಅವನಿಗೆ ಯಾರು ಹೇಳಬೇಕು? ತನ್ನ ಬೆನ್ನನ್ನು ಅವನು ಎಂದಾದರೂ ನೋಡಿದ್ದನೇ?

ಎದ್ದವನು ನೆಟ್ಟಗೆ ಸ್ಟುಡಿಯೊಕ್ಕೆ ಹೋದ. ನಡೆದದ್ದನ್ನು ಹೇಳಿದ. ದೊಡ್ಡ ಕ್ಯಾಮೆರಾ ಈ ಕೆಲಸಕ್ಕೆ ಬರುವಂತಿರಲಿಲ್ಲ. ಅದರ ಉದ್ದನೆಯ ಲೆನ್ಸಿಗೆ ಆರಡಿಯ ಹರಿಗೋಲಿನೊಳಗೆ ಏನೂ ಕಾಣುವುದಿಲ್ಲ, ಒಂದು ಅಂಗಿಯ ಹೊಲಿಗೆ ಕಂಡರೆ ಹೆಚ್ಚು. ಸ್ಟುಡಿಯೊದವನು ತನ್ನ ಸಣ್ಣ ಕ್ಯಾಮೆರಾ ಕೊಟ್ಟ. ಒಂದು ಗುಂಡಿ ತೋರಿಸಿದ. ಇದನ್ನು ಒತ್ತಿ ಹೋಗಿ ಕೂತುಕೋ, ಹತ್ತು ಎಣಿಸುವಷ್ಟರಲ್ಲಿ ತಾನೇ ತೆಗೆಯುತ್ತದೆ ಎಂದ. ಜೊತೆಗೆ ಬರಲೇ ಎಂದೂ ಕೇಳಿದ. ಬೇಡ ಎಂದ ಅಂಬಿಗ.

ಹೊಳೆಯ ದಡಕ್ಕೆ ಬಂದ. ಹುಟ್ಟಿಲ್ಲದೆ ಹರಿಗೋಲನ್ನು ನೀರಿಗಿಳಿಸುವಂತಿಲ್ಲ. ಬೇರೆ ಹುಟ್ಟು ಸಿಕ್ಕರೂ ಮುಟ್ಟುವಂತಿಲ್ಲ. ಅಷ್ಟರಲ್ಲಿ ಬೇಸಿಗೆಯ ನೀರೂ ಹಿಂದಕ್ಕೆ ಸರಿದಿತ್ತು. ಅವನು ಮರಳ ಮೇಲೆಯೇ ಹರಿಗೋಲನ್ನು ಅಂಗಾತ ಮಾಡಿದ. ಹಿಂದಿನ ಅಂಚಿನಲ್ಲಿ ಕಲ್ಲು ಇಟ್ಟ. ಕಲ್ಲಿನ ಮೇಲೆ ಕ್ಯಾಮೆರಾ ಇಟ್ಟ. ಗುಂಡಿ ಒತ್ತಿ, ಹೋಗಿ ಮುಂದಿನ ಅಂಚಿಗೆ ಮಂಡಿಯೂರಿದ. ಹಿಡಿಯಲು ಏನೂ ಇಲ್ಲದ ಕೈಗಳನ್ನು ಹುಟ್ಟು ಹಿಡಿದ ಹಾಗೆ ಮುಂದೆ ಚಾಚಿದ.

ಹತ್ತು ಎಣಿಸಿದ. ತೆಗೆಯಿತೋ ಇಲ್ಲವೋ ಎಂದು ತಿರುಗಿ ನೋಡಿದ. ಆಗಲೇ ಕ್ಯಾಮೆರಾ ಟಿಕ್ ಅಂದಿತು. ಮೂವತ್ತು ವರ್ಷ ನೀರಿನ ಮೇಲೆ ಒಮ್ಮೆಯೂ ತಿರುಗದವನು ಮರಳ ಮೇಲೆ ತಿರುಗಿದ್ದ. ಕಲ್ಲು ಇದ್ದ ಜಾಗವನ್ನು ಅವನು ಅಲ್ಲಿ ಕೂತು ಮುಖ ತಿರುಗಿಸಿ ನೋಡಿದ್ದು ಅದೇ ಮೊದಲು. ನೋಡುತ್ತಲೇ ಇದ್ದ. ಆಮೇಲೆ ಎದ್ದು ಮತ್ತೆ ಗುಂಡಿ ಒತ್ತಿದ. ಈ ಸಲ ತಿರುಗಲಿಲ್ಲ. ಗಾಳಿ ಬೀಸಿ ಕ್ಯಾಮೆರಾ ಕಲ್ಲಿನಿಂದ ಉರುಳಿತು. ಅದರ ಬಾಯಿಗೆ ಮರಳು ಹೊಕ್ಕಿತು. ಅಷ್ಟರಲ್ಲಿ ಚಿತ್ರ ಆಗಿತ್ತು.

ಸೊಟ್ಟ ಚಿತ್ರ. ಅಂಬಿಗನ ಬೆನ್ನು, ಬೆವರಿಗೆ ಅಂಟಿದ ಅಂಗಿ, ನೀರೆಳೆಯುವ ಹಾಗೆ ಮಡಿಚಿದ ಮೊಣಕೈ. ಬೆನ್ನಿನ ಈ ಕಡೆ ಒಂದಿಷ್ಟು ಮರಳು, ಆ ಕಡೆ ಒಂದಿಷ್ಟು ಮರಳು ಮತ್ತು ಸೇತುವೆಯ ಕಂಬ. ಸ್ಟುಡಿಯೊದವನು ಈ ಸಲ ಕನ್ನಡಕ ಏರಿಸಲಿಲ್ಲ. ಸುಮ್ಮನೆ ಪ್ರಿಂಟು ಹಾಕಿ ಅಂಚೆಗೆ ಕೊಟ್ಟ.

ಎರಡು ವಾರಕ್ಕೆ ಫೋನು ಬಂತು. ಮಗಳು ಮೊದಲು ಅತ್ತಳು. “ಇದ ಅಪ್ಪಾ, ಇದ” ಎಂದಳು. ಅಂಬಿಗನೂ ಅತ್ತ. ಫೋನಂಗಡಿಯವನು ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಾದ ಮೇಲೆ ಮಗಳು ಮೆಲ್ಲಗೆ ಕೇಳಿದಳು.

“ಅಪ್ಪಾ, ಹೊಳಿ ಎಲ್ಲಿ?”

ಅಂಬಿಗ ಕಳಿಸಿದ ಮೊದಲ ಫೋಟೊದಲ್ಲಿ ಹೊಳೆಯಿತ್ತು, ಅಪ್ಪ ಇರಲಿಲ್ಲ. ಎರಡನೆಯದರಲ್ಲಿ ಅಪ್ಪ ಇದ್ದ. ಎರಡೂ ಕೂಡಿ ಇದ್ದ ಕಾಲದಲ್ಲಿ ಅವನು ಬಂಡೆಯ ಮೇಲೆ ಮಲಗಿ ಮೀನು ಕಾಯುತ್ತಿದ್ದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಚಹಾ ನಿಜವಾಗಿಯೂ ಆರಿತ್ತು.

ಪಂಪಾಪತಿ ಗೋಡೆಯ ಮೇಲಿನ ನೀರುನಾಯಿಯನ್ನು ನೋಡಿದ. ಆ ಹನಿ ಇನ್ನೂ ಬಿದ್ದಿರಲಿಲ್ಲ. ಮೇಜಿನ ಮೇಲೆ ಮೂತಿ ಮುಚ್ಚಲಾರದ ಸಣ್ಣ ಕ್ಯಾಮೆರಾ ಇತ್ತು. ಕತೆಯ ಸ್ಟುಡಿಯೊದವನು ಯಾರು ಎಂದು ಅವನು ಕೇಳಲಿಲ್ಲ. ಗುರುಗಳು ಆ ಚಿತ್ರದ ಕಡೆಗೆ ಬೆನ್ನು ಮಾಡಿಯೇ ಯಾಕೆ ಕೂಡುತ್ತಾರೆ ಎಂಬುದು ಅವನಿಗೆ ಈಗ ತಿಳಿಯಿತು. ಆದರೂ ಗಣಿತದ ಬುದ್ಧಿ ಸುಮ್ಮನಿರಬೇಕಲ್ಲ. ನೋಟುಪುಸ್ತಕ ತೆರೆದು ಬಲಗಡೆಯ ಸಾಲಿನ ಮೇಲೆ ಪೆನ್ನು ಇಟ್ಟ.

“ಹಂಗಾದ್ರ ಗುರುಗಳೆ, ಸಣ್ಣದ ತಗೊಳ್ಳೇನ್ರಿ?”

ಗುರುಗಳು ಅವನನ್ನೇ ನೋಡಿದರು. ಬೈಯಲಿಲ್ಲ.

“ಶರಣಮ್ಮ ಆ ಕೋಣಿ ಫೋಟೊ ಕೇಳಿ ಎಷ್ಟು ದಿನ ಆತು?”

ಪಂಪಾಪತಿಯ ಪೆನ್ನು ಪುಟದ ಮೇಲೆ ಹಾಗೆಯೇ ನಿಂತಿತು.